ಉಪವಾಸದ ಗುಡ್ಡೆ

ಮನೆಯ ಹಿತ್ತಿಲ ಮೆಟ್ಟಿಲು,
ಒಂಬತ್ತನೇ ತಾರೀಕು, ಸೋಮವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ಸೊಂಟ ಹೇಗಿದೆ? ಬಾಣಂತಿ ಚೆನ್ನಾಗಿ ಊಟ ಮಾಡುತ್ತಿದ್ದಾಳಾ? ಮಗು ಥೇಟ್ ತಾತನ ಹಾಗೇ ಇದೆ ಎಂದು ಮಗಳು ಹೇಳಿದಳು. ತಲೆಯಲ್ಲಿ ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ, ಮಾಡಲು ಕೆಲಸವಿಲ್ಲ, ಆದರೂ ಮನೆಯವರನ್ನೆಲ್ಲ ಕುಣಿಸುತ್ತದೆ. ಇನ್ಯಾರ ಹಾಗಿರಬೇಕು, ಪಾಪ! ನಾನು ಚೆನ್ನಾಗಿದ್ದೇನೆ. ಮಂಡಿಗಳು ಎರಡೂ ಮುಷ್ಕರ ಹೂಡಿವೆ, ಮಾತುಕತೆ ನಡೆಯುತ್ತಿದೆ. ನಿನ್ನ ಮಗ ಬಡಿಸಿದ್ದನ್ನು ತಿಂದು ಕೆಲಸಕ್ಕೆ ಹೋಗಿ ಬರುತ್ತಿದ್ದಾನೆ, ಅವನಿಂದ ಈ ಕಾಗದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿನ್ನ ಗುಲಾಬಿ ಕುಂಡಗಳಿಗೆ ತಪ್ಪದೆ ನೀರು ಹಾಕುತ್ತಿದ್ದೇನೆ. ಈ ಸಲ ಹೂವು ಕಮ್ಮಿ. ಯಾಕೆ ಕಮ್ಮಿ ಅನ್ನುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಂದೇ ಬರುತ್ತೇನೆ.

ಫೋನಿರುವಾಗ ಈ ಮುದುಕನಿಗೆ ಕಾಗದದ ಶೋಕಿ ಯಾಕೆ ಎಂದು ನೀನು ಮೂಗು ಮುರಿಯುತ್ತಿದ್ದೀಯ, ಇಲ್ಲಿಂದಲೇ ಕಾಣುತ್ತಿದೆ. ನಿನ್ನ ಕೈಯಲ್ಲಿರುವುದು ಫೋನಲ್ಲ ಕಣೇ, ಧ್ವನಿವರ್ಧಕ. ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು. ನಾನು ಇಲ್ಲಿ ಕೆಮ್ಮಿದರೆ ಅಲ್ಲಿಂದ ಬೀಗಿತ್ತಿ ಔಷಧಿ ಹೇಳುತ್ತಾರೆ. ಈಗ ಬರೆಯುತ್ತಿರುವುದು ಬೀಗರ ಮುಂದೆ ಬಿಚ್ಚುವ ವಿಷಯವಲ್ಲ, ಬೀಗ ಹಾಕಿ ಓದುವ ವಿಷಯ. ಅದಕ್ಕೇ ನಮ್ಮ ಡಿಪೋದವರ ಹಳೇ ಪದ್ಧತಿ ಹಿಡಿದಿದ್ದೇನೆ, ನಿಮ್ಮ ಕಡೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಾಗದ. ನಾನು ಕಂಡಕ್ಟರ್ ಆಗಿದ್ದಾಗ ಎಷ್ಟು ಮನೆಗಳ ಕನ್ನಡಕ, ಔಷಧಿ, ಜಗಳ, ರಾಜಿ ಎಲ್ಲ ನನ್ನ ಚೀಲದಲ್ಲಿ ಟಿಕೆಟ್ಟಿಲ್ಲದೆ ಓಡಾಡಿವೆ! ಈಗ ನನ್ನದೂ ಒಂದು ಓಡಾಡಲಿ.

ವಿಷಯ ನಮ್ಮ ಸೊಸೆಯದು. ನಿಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದರೆ ನಿನಗೆ ಸಿಟ್ಟು ಬರುತ್ತದೆ. ಆದರೆ ನೋಡು, ಮಣ್ಣಿನಿಂದ ಎಣ್ಣೆ ತೆಗೆಯುವುದನ್ನೇ ಉದ್ಯೋಗ ಮಾಡಿಕೊಂಡವಳು ಅವಳು. ಹಾಗಾಗಿ ಸೀಗೆಕಾಯಿ ಯಾರು ಎಂಬುದು ತೀರ್ಮಾನವಾಯಿತು. ಎಣ್ಣೆ ಯಾರು ಎಂದು ನಾನು ಬಾಯಿ ಬಿಡುವುದಿಲ್ಲ, ನೀನು ವಾಪಸ್ ಬಂದ ಮೇಲೂ ನನಗೆ ಊಟ ಬೇಕು. ಬಸ್ಸುಗಳೆಲ್ಲ ಹೊಸ ಡಿಪೋಗೆ ಹೋದ ಮೇಲೆ ನಮ್ಮ ಹಿತ್ತಿಲ ಗೋಡೆಯಾಚೆಯ ಹಳೇ ಡಿಪೋ ಅಂಗಳ ಕರ್ರಗೆ ಬಿದ್ದಿತ್ತಲ್ಲ, ಪಂಪಿನ ಹತ್ತಿರ, ಬಸ್ಸು ತೊಳೆಯುವ ಗುಂಡಿಯ ಹತ್ತಿರ ಒಂದು ಹುಲ್ಲುಕಡ್ಡಿಯೂ ಏಳದೆ. ಅಲ್ಲಿನ ಮಣ್ಣನ್ನೆಲ್ಲ ಅಗೆದು ಲಾರಿಗೆ ತುಂಬಿ ಯಾರದೋ ಊರಾಚೆ ಸುರಿದು ಬಂದು ಇಲ್ಲಿ ಕಾಂಕ್ರೀಟ್ ಬಳಿಯುವುದು ಅಂತ ಮೇಲಿನವರು ಹೊರಟಿದ್ದರು. ಬೇಡ, ಮಣ್ಣು ಇದ್ದಲ್ಲೇ ಇರಲಿ, ಅದರಲ್ಲಿರುವ ಬ್ಯಾಕ್ಟೀರಿಯಾಗಳೇ ಡೀಸೆಲ್ಲನ್ನು ತಿಂದು ಮುಗಿಸುತ್ತವೆ, ತೋರಿಸುತ್ತೇನೆ ಎಂದು ನಮ್ಮ ಸೊಸೆ ಹಟ ಹಿಡಿದು ನಿಂತಳು. ಅವಳ ಮಾತು ನಿಜವೋ ಸುಳ್ಳೋ ಎಂದು ಇಲಾಖೆಯವರು ಈ ಗುರುವಾರ ತೀರ್ಮಾನ ಮಾಡುತ್ತಾರೆ. ಒಪ್ಪಿದರೆ ಇಡೀ ಅಂಗಳ ಅವಳ ಕೈಗೆ. ಇಲ್ಲದಿದ್ದರೆ ಶುಕ್ರವಾರ ಲಾರಿಗಳು ಬರುತ್ತವೆ, ಅವಳ ಇಷ್ಟು ತಿಂಗಳ ಕೆಲಸ ಅಕ್ಷರಶಃ ಮಣ್ಣುಪಾಲು.

ಅವಳು ಮಾಡಿದ್ದು ನಿನಗೂ ಗೊತ್ತು, ಕಣ್ಣೆದುರೇ ನಡೆದಿದ್ದು. ಪಂಪಿನ ಹತ್ತಿರದ ಮಣ್ಣನ್ನು ತೆಗೆಸಿ, ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಗುಡ್ಡೆ ಮಾಡಿಸಿದಳು. ಒಂದಕ್ಕೆ ಗೊಬ್ಬರ, ನೀರು, ಮರದ ಹೊಟ್ಟು, ಆಗಾಗ ಸಲಿಕೆಯಲ್ಲಿ ತಿರುವಿ ಗಾಳಿ. "ಡೀಸೆಲ್ ಒಂದನ್ನೇ ತಿಂದ್ಕೊಂಡು ಬದುಕೋಕಾಗಲ್ಲ ಮಾವ. ಜೊತೆಗೆ ಸಾರಜನಕ ಬೇಕು, ರಂಜಕ ಬೇಕು, ಗಾಳಿ ಬೇಕು" ಎಂದು ನನಗೆ ಪಾಠ ಹೇಳಿದಳು. ಅರ್ಥವಾಯಿತು, ಎಣ್ಣೆ ಹಾಕುವವರಿಗೆಲ್ಲ ನೆಂಚಿಕೊಳ್ಳುವುದಕ್ಕೆ ಏನಾದರೂ ಬೇಕೇ ಬೇಕು ಅಂದೆ. ಮುಖ ತಿರುಗಿಸಿಕೊಂಡು ನಕ್ಕಳು. ಎರಡನೇ ಗುಡ್ಡೆಗೆ ಏನೂ ಇಲ್ಲ, ಅದನ್ನು ಸುಮ್ಮನೆ ಬಿಡಬೇಕು. ತಿಂದಿದ್ದಕ್ಕೂ ತಿನ್ನದಿದ್ದಕ್ಕೂ ವ್ಯತ್ಯಾಸ ಕಂಡರೆ ತಾನೇ ಊಟದ ಮಹಿಮೆ ಗೊತ್ತಾಗುವುದು? ಅದಕ್ಕೆ ಅವಳು ಇಟ್ಟ ಹೆಸರು ಕಂಟ್ರೋಲ್. ನನ್ನನ್ನೇ ಯಾರೂ ಕಂಟ್ರೋಲ್ ಮಾಡಲಾಗದ ಈ ಮನೆಯ ಪಕ್ಕದಲ್ಲಿ ಅಂಥ ಹೆಸರು ನಿಲ್ಲುತ್ತದೆಯೇ? ನಾನು ಎರಡು ಹಲಗೆ ತಂದು ಸುಣ್ಣದಲ್ಲಿ ಬರೆದೆ: ಊಟದ ಗುಡ್ಡೆ, ಉಪವಾಸದ ಗುಡ್ಡೆ. ಉಪವಾಸದ ಹಲಗೆಯ ಮೂಲೆಯಲ್ಲಿ ಕೆನ್ನೆ ಒಳಗೆ ಹೋದ ಒಂದು ಮುಖವನ್ನೂ ಬಿಡಿಸಿದೆ. ಚೆನ್ನಾಗಿ ಬಂದಿತ್ತು, ಸ್ವಲ್ಪ ನಿನ್ನ ಅಣ್ಣನ ಹಾಗಿತ್ತು.

ಆ ಹಲಗೆ ನೋಡಿ ನೀನು ಹಿತ್ತಿಲ ಬಾಗಿಲಲ್ಲಿ ನಿಂತು ಮಾಡಿದ ಭಾಷಣ ನನಗಿನ್ನೂ ನೆನಪಿದೆ. "ಒಂದೇ ನೆಲದಿಂದ ತೆಗೆದ ಮಣ್ಣು. ಒಂದಕ್ಕೆ ಬಡಿಸೋದಂತೆ, ಇನ್ನೊಂದನ್ನ ಉಪವಾಸ ಕೆಡವೋದಂತೆ. ಇದ್ಯಾವ ಸೀಮೆ ಓದು?" ಸೊಸೆ ಪಾಪ ಮೆತ್ತಗೆ, "ಹಾಗಲ್ಲ ಅತ್ತೆ, ಹೋಲಿಸಿ ನೋಡೋಕೆ ಒಂದು ಬೇಕಲ್ವಾ" ಅಂದಳು. ಅದಕ್ಕೆ ನೀನು, "ನಾನೂ ಎರಡು ಮಕ್ಕಳನ್ನ ಸಾಕಿದೀನಮ್ಮ. ಹೋಲಿಸಿ ನೋಡೋಣ ಅಂತ ಒಂದನ್ನ ಉಪವಾಸ ಕೆಡವಲಿಲ್ಲ!" ಎಂದು ಬಾಗಿಲು ಹಾಕಿಕೊಂಡೆ. ಆಮೇಲೆ ಬಾಗಿಲ ಒಳಗಿಂದಲೇ, "ಆ ರಾಡೀನ ಕಾಲಿಗೆ ಮೆತ್ತಿಕೊಂಡು ಒಳಗೆ ಬಂದ್ರೆ ನೋಡು! ನಾನಂತೂ ಆ ಕಡೆ ತಲೆ ಹಾಕಿ ಮಲಗಲ್ಲ" ಅಂದೆ. ತಲೆ ಹಾಕಿ ಮಲಗಲಿಲ್ಲ, ಸರಿ. ಕೈ?

ಮೊನ್ನೆ ಶುಕ್ರವಾರ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ಇಲಾಖೆಯ ಸಾಹೇಬರು ಅಂಗಳಕ್ಕೆ ಬಂದರು. ಒಳ್ಳೇ ಮನುಷ್ಯ, ಮಾತು ಕಮ್ಮಿ, ಹುಬ್ಬು ಜಾಸ್ತಿ. ಊಟದ ಗುಡ್ಡೆಯಲ್ಲಿ ಡೀಸೆಲ್ ಬಹಳ ಇಳಿದಿತ್ತು. ಸೊಸೆಯ ಮುಖ ಅರಳಿತು. ಸಾಹೇಬರು ಹಾಳೆ ತಿರುಗಿಸಿದರು. ಉಪವಾಸದ ಗುಡ್ಡೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. "ಮೇಡಂ, ತಿಂದೋರೂ ಪಾಸು, ಉಪವಾಸ ಇದ್ದೋರೂ ಪಾಸು. ಹಾಗಾದ್ರೆ ನಿಮ್ಮ ಊಟದ್ದೇನು ಹೆಚ್ಚುಗಾರಿಕೆ? ಬಿಸಿಲಿಗೆ ತಾನಾಗೇ ಆರಿ ಹೋಗಿದೆ ಅಂತ ಬರೀಬೇಕಾಗುತ್ತೆ ನಾನು" ಅಂದರು. ಸೊಸೆ ಹಾಳೆ ಇಸಿದುಕೊಂಡಳು. ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಆಮೇಲೆ ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದಳು. ಸಾಹೇಬರೂ ನೋಡಿದರು. ಅಂಗಳದ ಕಾವಲುಗಾರ ಎಲ್ಲರಿಗಿಂತ ಮೊದಲೇ ನೋಡುತ್ತಿದ್ದ.

ಅವರದೂ ತಪ್ಪಿಲ್ಲ ಬಿಡು. ಅವಳ ಮಣ್ಣಿನ ಸೀಸೆಗಳಿಗೆಲ್ಲ ಹಳೇ ಬಸ್ ಟಿಕೆಟ್ ಅಂಟಿಸಿದವನು ನಾನು. ಸಾಹೇಬರು ಮೊದಲ ಸಲ ಬಂದಾಗ, ಬ್ಯಾಕ್ಟೀರಿಯಾ ಪ್ರಯಾಣಿಕರ ಸಂಘದ ಅಧ್ಯಕ್ಷ ಎಂದು ಕೈ ಕುಲುಕಿ, ನಮ್ಮವರಿಗೆ ಕೂರಲು ಜಾಗ ಸಾಲದು ಎಂದು ಅಹವಾಲು ಕೊಟ್ಟವನೂ ನಾನೇ. ಅವಳ ಥರ್ಮಾಮೀಟರನ್ನು ಬಿಸಿ ಕಾಫಿಯಲ್ಲಿ ಅದ್ದಿ ಗುಡ್ಡೆಗೆ ಜ್ವರ ಬಂದಿದೆ ಎಂದು ಗಾಬರಿ ಹುಟ್ಟಿಸಿದ್ದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಗುಡ್ಡೆಯ ಹೊಟ್ಟೆಗೆ ಮಾತ್ರ ನಾನು ಕೈ ಹಾಕಿರಲಿಲ್ಲ. ತಮಾಷೆಗೂ ಒಂದು ಬೇಲಿ ಇರುತ್ತದೆ, ಅವಳ ಅನ್ನದ ಮೇಲೆ ನಾನು ತಮಾಷೆ ಮಾಡುವವನಲ್ಲ. "ಮಾವ, ನಿಜ ಹೇಳಿ" ಅಂದಳು. ನಾನಲ್ಲ ಕಣಮ್ಮ ಅಂದೆ. ಯಾರೂ ನಂಬಲಿಲ್ಲ. ಇಷ್ಟು ವರ್ಷದಲ್ಲಿ ಅಪರೂಪಕ್ಕೊಂದು ಸತ್ಯ ಹೇಳಿದೆ, ಅದೂ ಚಲಾವಣೆಯಾಗದ ನೋಟಿನ ಹಾಗೆ ವಾಪಸ್ ಬಂತು. ಸಾಹೇಬರು ನಾಳೆ ಇನ್ನೊಮ್ಮೆ ಬಂದು ನೋಡುತ್ತೇನೆ ಎಂದು ಹೊರಟರು. ಸೊಸೆ ಒಳಗೆ ಹೋಗಿ, ತೊಳೆದಿಟ್ಟ ಸೀಸೆಗಳನ್ನೇ ಮತ್ತೆ ಮತ್ತೆ ತೊಳೆಯುತ್ತಾ ನಿಂತಳು. ನನಗೆ ಅದನ್ನು ನೋಡಲಾಗಲಿಲ್ಲ ಕಣೇ. ಬೈದಿದ್ದರೆ ಸುಖವಾಗಿರುತ್ತಿತ್ತು.

ಸಂಜೆ ಬೆಳಕಿರುವಾಗಲೇ ಕೋಲೂರಿಕೊಂಡು ಉಪವಾಸದ ಗುಡ್ಡೆಯ ಹತ್ತಿರ ಹೋದೆ. ನಮ್ಮ ಹಿತ್ತಿಲಿನ ಕಡೆಯಿಂದ ನೋಡಿದರೆ ಏನೂ ಇಲ್ಲ. ಆಚೆ ಮಗ್ಗುಲಿಗೆ ಸುತ್ತಿ ಹೋದೆ. ಅಲ್ಲಿ ಗುಡ್ಡೆಯ ತುಂಬ ತೂತು! ಸಾಲಾಗಿ, ಒಂದೇ ಅಳತೆಗೆ, ಒಂದೇ ಅಂತರಕ್ಕೆ, ನೀನು ಗುಲಾಬಿ ಕುಂಡದ ಮಣ್ಣಿಗೆ ಉಸಿರಾಡಲಿ ಎಂದು ಚುಚ್ಚುತ್ತೀಯಲ್ಲ, ಅದೇ ಕಸೂತಿ. ಪಕ್ಕದಲ್ಲಿ ಹುಲ್ಲಿನೊಳಗೆ ನನ್ನ ಮುರಿದ ಛತ್ರಿಯ ಕೋಲು ಬಿದ್ದಿತ್ತು. ಛತ್ರಿ ಕಳೆದುಹಾಕಿದ್ದಕ್ಕೆ ಮಳೆಗಾಲವಿಡೀ ನನ್ನನ್ನು ಬೈದೆಯಲ್ಲ, ಮಹಾತಾಯಿ! ಒಂದು ತೂತಿನ ಮಣ್ಣು ಕೆದಕಿದೆ. ಸೋಸಿ ಬಿಟ್ಟ ಟೀ ಪುಡಿ. ಇನ್ನೊಂದನ್ನು ಕೆದಕಿದೆ. ಗುಲಾಬಿ ಗೊಬ್ಬರದ ಬಿಳೀ ಕಾಳುಗಳು. ಗುಲಾಬಿಗೆ ಈ ಸಲ ಹೂವು ಯಾಕೆ ಕಮ್ಮಿ ಎಂದು ಅಲ್ಲೇ ತಿಳಿಯಿತು. ಅದರ ಪಾಲನ್ನೆಲ್ಲ ನೀನು ಈ ಬಡಪಾಯಿ ಗುಡ್ಡೆಗೆ ಬಡಿಸಿದ್ದೀಯ. ಎಲ್ಲರೂ ಹೊರಗೆ ಹೋದ ಮೇಲೆ, ನಾನು ಮಧ್ಯಾಹ್ನ ಗೊರಕೆ ಹೊಡೆಯುವಾಗ, ಸೊಂಟನೋವಿನ ಹೆಂಗಸು ಬಕೆಟ್ ಹಿಡಿದುಕೊಂಡು ಗೋಡೆ ಬಾಗಿಲು ದಾಟಿ ಹೋಗುತ್ತಿದ್ದ ಚಿತ್ರ ನೆನೆಸಿಕೊಂಡು ಅಲ್ಲೇ ನಿಂತು ನಕ್ಕೆ. ಆಮೇಲೆ ಸಾಹೇಬರ ಹಾಳೆ ನೆನಪಾಯಿತು, ನಗು ನಿಂತಿತು.

ನಿನ್ನ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ. ಅತ್ತೆಯೇ ಸೊಸೆಯ ಕೆಲಸ ಕೆಡಿಸಿದಳು ಅಂತ ಮಾತು ಬರುವುದಕ್ಕಿಂತ ಮಾವನ ಕೋತಿಚೇಷ್ಟೆ ಅನ್ನುವುದು ವಾಸಿ, ಹೇಗೂ ನನ್ನ ಬಗ್ಗೆ ಹಾಗೇ ನಂಬಿದ್ದಾರೆ. ಹಾಗಂತ ಶನಿವಾರ ಸಾಹೇಬರ ಮುಂದೆ ಎದೆ ಮುಂದೆ ಮಾಡಿ, ನಾನೇ ಹಾಕಿದ್ದು ಸ್ವಾಮಿ ಅಂದೆ. "ಏನ್ ಹಾಕಿದ್ರಿ ಯಜಮಾನ್ರೇ?" ಅಂದರು. ಅದನ್ನು ಯೋಚಿಸಿಕೊಂಡೇ ಹೋಗಿರಲಿಲ್ಲ ನೋಡು! ಸಕ್ಕರೆ ನೀರು ಅಂದೆ. ಸಾಲದೇನೋ ಅನ್ನಿಸಿ ಮೊಸರು ಅಂದೆ. ಮಾತು ಸುಮ್ಮನೆ ನಿಲ್ಲದೆ ನನ್ನ ಕೆಮ್ಮಿನ ಔಷಧಿಯನ್ನೂ ಸೇರಿಸಿದೆ. ಸೊಸೆ ಗುಡ್ಡೆಯನ್ನು ಒಂದು ಸುತ್ತು ಹಾಕಿ ನೋಡಿ ಬಂದು, ಲ್ಯಾಬಿನ ಹಾಳೆ ತೆಗೆದು, "ಮಾವ, ಈ ಗುಡ್ಡೇಲಿ ಸಾರಜನಕ ಜಾಸ್ತಿ ಆಗಿದೆ, ರಂಜಕ ಜಾಸ್ತಿ ಆಗಿದೆ. ಅದು ಸಕ್ಕರೇಲಿ ಎಲ್ಲಿಂದ ಬರುತ್ತೆ? ಮತ್ತೆ ಇಷ್ಟೊಂದು ತೂತು ಚುಚ್ಚೋಕೆ ಬಗ್ಗಬೇಕು. ನೀವು ಚಪ್ಪಲಿ ಹಾಕ್ಕೊಳ್ಳೋಕೇ ನನ್ನ ಕರೀತೀರಿ" ಅಂದಳು. ಸಾಹೇಬರು ನನ್ನ ಕಡೆ ತಿರುಗಿ, "ಯಜಮಾನ್ರೇ, ನಿಮ್ಮ ಮಾತು ಪರೀಕ್ಷೆ ಮಾಡೋಕೆ ನಮ್ಮಲ್ಲಿ ಲ್ಯಾಬ್ ಇಲ್ಲ" ಅಂದರು. ಸತ್ಯ ಹೇಳಿದರೂ ನಂಬಲಿಲ್ಲ, ಸುಳ್ಳು ಹೇಳಿದರೂ ನಂಬಲಿಲ್ಲ. ಇನ್ನು ಬಾಯಿರುವುದು ಬರೀ ಊಟಕ್ಕೆ.

ಸಾಹೇಬರು ಹೋದ ಮೇಲೆ ಸೊಸೆ ನೆಟ್ಟಗೆ ನಿನ್ನ ಗುಲಾಬಿ ಕುಂಡಗಳ ಹತ್ತಿರ ಹೋದಳು, ಹಿಂದಿನಿಂದ ಗೊಬ್ಬರದ ಚೀಲ ಎಳೆದಳು, ಬುಡಮೇಲು ಮಾಡಿ ಕೊಡವಿದಳು. ಒಂದು ಕಾಳೂ ಬೀಳಲಿಲ್ಲ. ಈ ಮೆಟ್ಟಿಲ ಮೇಲೆ, ಈಗ ನಾನು ಕೂತಿರುವ ಜಾಗದಲ್ಲೇ, ಖಾಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಇನ್ನೇನು ಸ್ಫೋಟ ಆಗುತ್ತದೆ ಎಂದು ನಾನು ಗೋಡೆಗೆ ಒರಗಿಕೊಂಡೆ. ಅವಳು ಏನು ಕೇಳಿದಳು ಗೊತ್ತಾ? "ಅತ್ತೆ ದಿನಾ ಬರ್ತಿದ್ರಾ ಮಾವ? ಇಷ್ಟು ತಿಂಗಳಲ್ಲಿ ಒಂದ್ಸಲನೂ ನನ್ನ ಕೆಲಸ ಏನಾಯ್ತು ಅಂತ ಕೇಳಲಿಲ್ಲ ಅವರು. ನಂಗೆ ಹೊಟ್ಟೆ ಉರೀತಿತ್ತು. ಅವರು ನೋಡಿದ್ರೆ ದಿನಾ ಬಂದು ಹೋಗ್ತಿದ್ರಾ?" ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಮಳೆ ಬಿಸಿಲು ಒಟ್ಟಿಗೇ. ನಾನು ಏನೋ ಒಂದು ತಮಾಷೆ ಮಾಡಬೇಕು ಅಂದುಕೊಂಡೆ. ಬರಲಿಲ್ಲ. ನನಗೇ ಆಶ್ಚರ್ಯವಾಯಿತು.

ಅವಳ ತಲೆ ಬಲು ಚುರುಕು, ಅಳುತ್ತಿದ್ದಾಗಲೂ ಓಡುತ್ತಿತ್ತು ಅಂತ ಕಾಣುತ್ತದೆ. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ನೊರೆ ಬಾಯಲ್ಲೇ ಓಡಿ ಬಂದು "ಟೈರ್ ಶೆಡ್! ಟೈರ್ ಶೆಡ್!" ಅಂದಳು. ಎರಡು ಗುಡ್ಡೆ ಮಾಡಿ ಮಿಕ್ಕ ಮಣ್ಣನ್ನು ಅವತ್ತೇ ಡಿಪೋ ಅಂಗಳದ ಆ ಶೆಡ್ಡಿನ ಹಿಂದೆ ಸುರಿಸಿ ಟಾರ್ಪಾಲು ಹೊದಿಸಿದ್ದರಂತೆ. ಅದೇ ಮಣ್ಣು, ಅದೇ ದಿನ ತೆಗೆದಿದ್ದು, ಯಾರೂ ಉಪಚಾರ ಮಾಡದ್ದು. ಅದರಲ್ಲಿ ಡೀಸೆಲ್ ಹಾಗೇ ಉಳಿದಿದ್ದರೆ ಅವಳ ಮಾತು ಗೆದ್ದಂತೆ, ಯಾಕೆಂದರೆ ಬೇರೆ ಎರಡರಲ್ಲಿ ಇಳಿಸಿದ್ದು ಊಟವೇ ಎಂದಾಗುತ್ತದೆ. ಒಂದು ಅವಳು ಬಡಿಸಿದ್ದು, ಒಂದು ನೀನು ಬಡಿಸಿದ್ದು. ಟಾರ್ಪಾಲಿನ ಕೆಳಗಿದ್ದದ್ದು ಅಷ್ಟಾಗಿ ಆರಿರಲಿಕ್ಕಿಲ್ಲ, ಅದೊಂದು ತಕರಾರು ಬರಬಹುದು, ಅದಕ್ಕೆ ತಾನೇ ಉತ್ತರ ಕೊಡುತ್ತೇನೆ ಅಂದಳು. ಮೂರೂ ಗುಡ್ಡೆಗಳ ಆಳದಿಂದ, ಅಂಚಿನಿಂದ, ಬಿಸಿಲು ಬೀಳುವ ಕಡೆಯಿಂದ ಬೇರೆ ಬೇರೆ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿದ್ದಾಳೆ. ಫೋನಿನಲ್ಲಿ ಸಾಹೇಬರ ಹತ್ತಿರ ವಾದ ಮಾಡುವಾಗ ಅವಳ ದನಿ ಕೇಳಬೇಕಿತ್ತು ನೀನು. ಥೇಟ್ ನೀನು ತರಕಾರಿಯವನ ಹತ್ತಿರ ಮಾತಾಡುವ ಹಾಗೆ. ಸಾಹೇಬರು ಕೊನೆಗೆ, ಗುರುವಾರ ಅದನ್ನೂ ಮುಂದಿಟ್ಟುಕೊಂಡು ನೋಡೋಣ ಎಂದು ಒಪ್ಪಿದರು.

ನಿನಗೆ ಅವಳ ಒಂದು ಕೋರಿಕೆ ಇದೆ. ಉಪವಾಸದ ಗುಡ್ಡೆಗೆ ನೀನು ಏನೇನು ಹಾಕಿದೆ, ಸುಮಾರು ಎಷ್ಟು ಹಾಕಿದೆ, ನೆನಪಿದ್ದಷ್ಟು ಹೇಳಿ ಕಳಿಸಬೇಕಂತೆ. "ಬೈಯೋಕಲ್ಲ ಮಾವ, ವರದೀಲಿ ಬರೆಯೋಕೆ. ಒಂದು ಕಂಟ್ರೋಲ್ ಹೋಯ್ತು, ಒಂದು ಪ್ರಯೋಗ ಬಂತು. ಆ ಗುಡ್ಡೆಗೆ ಅತ್ತೆ ಗುಡ್ಡೆ ಅಂತಾನೇ ಹೆಸರಿಡ್ತೀನಿ" ಅಂದಳು. ಸರ್ಕಾರಿ ಕಾಗದದಲ್ಲಿ ಅತ್ತೆ! ಇಷ್ಟು ವರ್ಷ ಸರ್ಕಾರಿ ಬಸ್ಸಿನಲ್ಲಿ ದುಡಿದರೂ ನನ್ನ ಹೆಸರಲ್ಲಿ ಒಂದು ಗುಂಡಿಯೂ ಇಲ್ಲ. ನಾಚಿಕೆ, ಬಿಗುಮಾನ ಎಲ್ಲ ಬಿಟ್ಟು ಹೇಳಿ ಕಳಿಸು. ಅವಳೇನೂ ಸೋತು ನಿನ್ನನ್ನು ಕೇಳುತ್ತಿಲ್ಲ, ನೀನೂ ಸೋತು ಹೇಳಬೇಕಾಗಿಲ್ಲ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಬೀಗರಿಗೆ ನಮಸ್ಕಾರ. ಕೆಮ್ಮಿನ ಔಷಧಿ ಹೇಳಿದ ಬೀಗಿತ್ತಿಗೆ ಇನ್ನೊಂದು ನಮಸ್ಕಾರ, ಔಷಧಿ ಖಾಲಿಯಾಗಿದೆ, ಗುಡ್ಡೆಗಲ್ಲ, ನನಗೇ. ಪುಟ್ಟಿಯ ಬೊಕ್ಕತಲೆಗೆ ತಾತನ ಬೊಕ್ಕತಲೆಯಿಂದ ಒಂದು ಮುದ್ದಾದ ಡಿಕ್ಕಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಲೋಕಕ್ಕೆಲ್ಲ ಬಡಿಸಿ ತಾನು ತಟ್ಟೆ ಹಾಕಿಕೊಳ್ಳುವುದನ್ನೇ ಮರೆಯುವವಳು ನೀನು. ಮನೆ ಬಿಕೋ ಅನ್ನುತ್ತಿದೆ ಎಂದು ಬರೆದರೆ ನಗುತ್ತೀಯ. ಅದಕ್ಕೇ ಬರೆಯುವುದಿಲ್ಲ.

ಇಂತು ಬಾಗಿಲಲ್ಲಿ ನಿಂತು ನೀನು ಕೂಗಿದಾಗಲೆಲ್ಲ ಓಗೊಡುವ,
ನಿನ್ನ
"ರೀ"

ತಾ.ಕ.: ಬಸ್ಸು ಬಂದು ನಿಂತಿದೆ, ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಅಸಲು ಮಾತೇ ಉಳಿದುಹೋಯಿತು. ಟೈರ್ ಶೆಡ್ಡಿನ ಮಣ್ಣನ್ನು ಯಾರೂ ಮುಟ್ಟಿಲ್ಲ ಎಂದು ಮನೆಯವರೆಲ್ಲ ಹೇಳಿದರೆ ಮಾತ್ರ ಅದು ಲೆಕ್ಕಕ್ಕೆ ಎಂದು ಸಾಹೇಬರು ಷರತ್ತು ಹಾಕಿದ್ದಾರೆ. ಮಗ ಇಲ್ಲ ಅಂದ, ಕಾವಲುಗಾರ ಇಲ್ಲ ಅಂದ, ನನ್ನ ಮಾತು ಬೇಡವೇ ಬೇಡ ಅಂದರು. ಉಳಿದವಳು ನೀನೊಬ್ಬಳೇ. ನಾನು ಹೋಗಿ ಟಾರ್ಪಾಲು ಎತ್ತಿ ನೋಡಿದೆ. ತೂತು ಕಾಣಲಿಲ್ಲ, ಮೂಸಿದರೆ ಡೀಸೆಲ್ ಘಮ್ಮೆಂದು ಮೂಗಿಗೆ ಹೊಡೆಯಿತು. ಆದರೆ ಮೂಗು ಸಾಕ್ಷಿಯಲ್ಲ ಅನ್ನುತ್ತಾಳೆ ಸೊಸೆ, ನಿನ್ನ ಕರುಣೆಗೆ ತೂತೇ ಬೇಕೆಂದೂ ಇಲ್ಲ. ಆ ಮೂರನೇ ಗುಡ್ಡೆಗೂ ಏನಾದರೂ ಹಾಕಿದ್ದೀಯಾ? ಸಂಜೆ ಇದೇ ಬಸ್ಸು ವಾಪಸ್ ಬರುತ್ತದೆ, ಡ್ರೈವರ್ ಹತ್ತಿರ ಹೂಂ ಅಥವಾ ಊಹೂಂ ಅಂದು ಕಳಿಸು, ಸಾಕು. ಅವಳು ಆಗಲೇ ಬಸ್‌ಸ್ಟಾಪಿನಲ್ಲಿ ಕಾಯುತ್ತೇನೆ ಅನ್ನುತ್ತಿದ್ದಾಳೆ. ಹಾಕಿದ್ದರೆ ಹಾಕಿದೆ ಅನ್ನು, ಸೋತರೆ ಸೋಲೋಣ, ಅದಕ್ಕೂ ಸಿದ್ಧ ಎಂದು ಅವಳೇ ಹೇಳಿದ್ದಾಳೆ. ಅವಳು ಗೆಲ್ಲಲಿ ಎಂದು ಸುಳ್ಳು ಮಾತ್ರ ಹೇಳಬೇಡ. ಈ ಮನೆಯಲ್ಲಿ ಆ ಇಲಾಖೆ ನನ್ನದು.